ಏರು ಹಾದಿಯ ಓಟ, ಇಳಿಜಾರಿನ ಪಾಠ

ನನ್ನ ಮೊದಲ ಮ್ಯಾರಥಾನ್‌ನ 31ನೇ ಕಿಲೋಮೀಟರಿನಲ್ಲಿ ಒಂದು ಫ್ಲೈಓವರ್ ಎದುರಾಯಿತು. ಬೆಂಗಳೂರಿನಲ್ಲಿ ಬಸ್ಸಿನ ಕಿಟಕಿ ಪಕ್ಕ ಕೂತು ಅಂಥ ಫ್ಲೈಓವರ್‌ಗಳನ್ನು ಎಷ್ಟೋ ಸಲ ದಾಟಿದ್ದೇನೆ. ಅದು ಏರುದಾರಿ ಎಂದು ಒಂದು ದಿನವೂ ಅನ್ನಿಸಿರಲಿಲ್ಲ. ಆ ಬೆಳಿಗ್ಗೆ ಮಾತ್ರ ಅದು ಗೋಡೆಯ ಹಾಗೆ ಕಂಡಿತು. ಅರ್ಧ ಹತ್ತುವಷ್ಟರಲ್ಲಿ ತೊಡೆಗಳು ನನ್ನ ಮಾತು ಕೇಳುವುದನ್ನೇ ಬಿಟ್ಟವು. ಉಸಿರು ಸರಿಯಾಗಿಯೇ ಇತ್ತು, ಎದೆಯೂ ತೀರಾ ಬಡಿದುಕೊಳ್ಳುತ್ತಿರಲಿಲ್ಲ. ಕಾಲು ಮಾತ್ರ ಏಳುತ್ತಿರಲಿಲ್ಲ. ನಡೆಯಲು ಶುರು ಮಾಡಿದೆ. ಉಳಿದ 11 ಕಿ.ಮೀ.ಯಲ್ಲಿ ಹೆಚ್ಚಿನ ಭಾಗವನ್ನು ನಡೆದೇ ಮುಗಿಸಿದೆ. ಕೊನೆಯ ಗೆರೆ ದಾಟಿದಾಗ ಗಡಿಯಾರ 5 ಗಂಟೆ 24 ನಿಮಿಷ ತೋರಿಸುತ್ತಿತ್ತು.

ಸಂಜೆ ಅಪ್ಪ ಫೋನ್ ಮಾಡಿದರು. ‘ಓಡಿದ್ಯಾ ಮಗ?’ ಅಂದರು.

‘ಓಡ್ದೆ ಅಪ್ಪ.’

‘ಪೂರ್ತಿ?’

‘ಹ್ಞೂಂ, ಪೂರ್ತಿ.’

ಓಟದ ಪ್ರವೇಶ ಶುಲ್ಕಕ್ಕೂ ಶೂಗಳಿಗೂ ದುಡ್ಡು ಕೊಟ್ಟವರು ಅವರೇ. ಡಿಗ್ರಿ ಮುಗಿಸಿ, ಎರಡು ವರ್ಷದಿಂದ ಮೈಸೂರಿನ ರೂಮಿನಲ್ಲಿ ಕೂತು ಒಂದಾದ ಮೇಲೊಂದು ಸ್ಪರ್ಧಾತ್ಮಕ ಪರೀಕ್ಷೆ ಬರೆಯುತ್ತಿದ್ದ ಮಗ ಒಂದನ್ನಾದರೂ ಪೂರ್ತಿ ಮಾಡಿದ ಎಂಬ ಖುಷಿ ಅವರ ದನಿಯಲ್ಲಿತ್ತು. ಅದನ್ನು ಕೆಡಿಸಲು ಮನಸ್ಸಾಗಲಿಲ್ಲ. ಆದರೆ ಆ ಸುಳ್ಳು ವರ್ಷವಿಡೀ ನನ್ನ ಜೊತೆಯಲ್ಲೇ ಓಡಿತು.

ಕಾಲು ಯಾಕೆ ಕೈಕೊಟ್ಟಿತು?

ಐದು ತಿಂಗಳು ನಾನು ಕುಕ್ಕರಹಳ್ಳಿ ಕೆರೆಯ ಸುತ್ತ ಓಡಿ ಅಭ್ಯಾಸ ಮಾಡಿದ್ದೆ. ತಂಪು ಗಾಳಿ, ಮರದ ನೆರಳು, ಸಮತಟ್ಟಾದ ಮಣ್ಣಿನ ಹಾದಿ. ಒಂದು ಭಾನುವಾರ 28 ಕಿ.ಮೀ. ಕೂಡ ಓಡಿದ್ದೆ. ಹಾಗಿದ್ದರೂ ಒಂದು ಫ್ಲೈಓವರ್‌ಗೆ ಸೋತೆನಲ್ಲ ಎಂದು ಅದೇ ಕೆರೆಯ ಬಳಿ ಒಬ್ಬ ನಿವೃತ್ತ ದೈಹಿಕ ಶಿಕ್ಷಕರ ಹತ್ತಿರ ಹೇಳಿಕೊಂಡೆ. ದಿನಾ ಬೆಳಿಗ್ಗೆ ವಾಕಿಂಗ್ ಬರುವ ಅವರನ್ನು ಎಲ್ಲರೂ ‘ಸರ್’ ಎಂದೇ ಕರೆಯುವುದು. ಅವರು ಕೇಳಿದ್ದು ಒಂದೇ ಪ್ರಶ್ನೆ: ‘ಐದು ತಿಂಗಳಲ್ಲಿ ಒಂದು ದಿನಾನಾದ್ರೂ ಏರು ಹತ್ತಿದ್ಯೇನಪ್ಪ?’

ಇಲ್ಲ ಎಂದೆ.

‘ಹಾಗಿದ್ರೆ ನಿನ್ನ ಎದೆ ಮ್ಯಾರಥಾನ್‌ಗೆ ತಯಾರಾಗಿತ್ತು, ಕಾಲು ತಯಾರಾಗಿರ್ಲಿಲ್ಲ. ಕಣ್ಣೆದುರೇ ಬೆಟ್ಟ ಇಟ್ಕೊಂಡು ಕೆರೆ ಸುತ್ತಾ ಇದೀಯಲ್ಲ!’

ಅವರು ಕೈ ತೋರಿಸಿದ ಕಡೆ ಚಾಮುಂಡಿ ಬೆಟ್ಟವಿತ್ತು. ಮೈಸೂರಿನಲ್ಲಿ ಎಲ್ಲಿ ನಿಂತರೂ ಅದು ಕಾಣುತ್ತದೆ. ಅದಕ್ಕೇ ಇರಬೇಕು, ಅದನ್ನು ನಾನು ನೋಡುವುದನ್ನೇ ಬಿಟ್ಟಿದ್ದೆ.

ಏರು ಓಟ ಕಾಲಿಗೆ ಏನು ಮಾಡುತ್ತದೆ ಎಂಬುದನ್ನು ಅವರು ಅಲ್ಲೇ ಕಲ್ಲುಬೆಂಚಿನ ಮೇಲೆ ಕೂತು ವಿವರಿಸಿದರು. ಸಮತಟ್ಟು ನೆಲದಲ್ಲಿ ಓಡುವಾಗ ದೇಹ ಬಹುಪಾಲು ಮುಂದಕ್ಕೆ ಹೋಗುತ್ತದೆ. ಏರಿನಲ್ಲಿ ಪ್ರತಿ ಹೆಜ್ಜೆಗೂ ನಮ್ಮ ತೂಕವನ್ನು ನಾವೇ ಮೇಲಕ್ಕೆ ಎತ್ತಬೇಕು. ಆಗ ಪೃಷ್ಠದ ಸ್ನಾಯು, ತೊಡೆಯ ಹಿಂಭಾಗ ಮತ್ತು ಮೀನಖಂಡಕ್ಕೆ ಹೆಚ್ಚು ಕೆಲಸ ಬೀಳುತ್ತದೆ. ಮಂಡಿ ಮೇಲೇಳುತ್ತದೆ, ಹೆಜ್ಜೆ ಚಿಕ್ಕದಾಗುತ್ತದೆ. ಪಾದ ನೆಲಕ್ಕೆ ಬಡಿಯುವ ಪೆಟ್ಟು ಕೂಡ ಸಮತಟ್ಟಿನಲ್ಲಿ ವೇಗವಾಗಿ ಓಡುವಾಗ ಬೀಳುವುದಕ್ಕಿಂತ ಕಡಿಮೆ. ಜಿಮ್‌ನಲ್ಲಿ ಭಾರ ಎತ್ತುವವರು ಪಡೆಯುವ ಬಲದ ಒಂದು ಪಾಲನ್ನು ಓಡುತ್ತಲೇ ಪಡೆಯಬಹುದು, ಅದೂ ಫೀಸಿಲ್ಲದೆ. ಕೆಲಸ ಹುಡುಕುತ್ತಿರುವವನಿಗೆ ಈ ಕೊನೆಯ ಮಾತು ಚೆನ್ನಾಗಿ ಹಿಡಿಸಿತು.

ಶೂ ಫ್ಯಾಕ್ಟರಿಯ ಕೋಚ್

ಏರು ಓಟವನ್ನು ಒಂದು ಕ್ರಮಬದ್ಧ ತರಬೇತಿಯಾಗಿ ಜಗತ್ತಿಗೆ ಕಲಿಸಿದವರಲ್ಲಿ ನ್ಯೂಜಿಲೆಂಡ್‌ನ ಆರ್ಥರ್ ಲಿಡಿಯಾರ್ಡ್ ದೊಡ್ಡ ಹೆಸರು. ಶೂ ಫ್ಯಾಕ್ಟರಿಯಲ್ಲಿ ಕೆಲಸ ಮಾಡುತ್ತಿದ್ದ ಅವರು ತಮ್ಮ ದೇಹದ ಮೇಲೆಯೇ ಪ್ರಯೋಗ ಮಾಡಿಕೊಂಡು ತರಬೇತಿಯ ವಿಧಾನ ಕಂಡುಕೊಂಡವರು. ಆಕ್ಲೆಂಡ್ ಪಕ್ಕದ ವೈಟಾಕೆರೆ ಬೆಟ್ಟಸಾಲಿನ ಸುಮಾರು 35 ಕಿ.ಮೀ. ಏರಿಳಿತದ ಹಾದಿಯಲ್ಲಿ ತಮ್ಮ ಹುಡುಗರನ್ನು ಓಡಿಸುತ್ತಿದ್ದರು. ಮೊದಲು ವಾರಗಟ್ಟಲೆ ದೂರದ ಓಟ, ಆಮೇಲೆ ಕೆಲವು ವಾರ ಏರಿನಲ್ಲಿ ಜಿಗಿಯುತ್ತಾ ಹತ್ತುವ ಅಭ್ಯಾಸ, ಕೊನೆಗೆ ಟ್ರ್ಯಾಕಿನಲ್ಲಿ ವೇಗ. ಇದು ಅವರ ಕ್ರಮ.

1960ರ ರೋಮ್ ಒಲಿಂಪಿಕ್ಸ್‌ನಲ್ಲಿ ಅದರ ಫಲ ಕಂಡಿತು. ಪೀಟರ್ ಸ್ನೆಲ್ 800 ಮೀಟರ್‌ನಲ್ಲೂ, ಮರ್ರೆ ಹಾಲ್‌ಬರ್ಗ್ 5,000 ಮೀಟರ್‌ನಲ್ಲೂ ಒಂದೇ ದಿನ ಚಿನ್ನ ಗೆದ್ದರು. ಬ್ಯಾರಿ ಮೆಗೀಗೆ ಮ್ಯಾರಥಾನ್‌ನಲ್ಲಿ ಕಂಚು. ಎರಡು ನಿಮಿಷದೊಳಗೆ ಮುಗಿಯುವ ಓಟದವನೂ ಎರಡು ಗಂಟೆ ಮೀರಿ ಓಡುವವನೂ ಅದೇ ಬೆಟ್ಟದ ಹಾದಿಯಲ್ಲಿ ಪಳಗಿದವರು.

ಏರು ಎಂದರೆ ಮ್ಯಾರಥಾನ್ ಓಟಗಾರರಿಗೆ ಮೊದಲು ನೆನಪಾಗುವುದು ಅಮೆರಿಕದ ಬಾಸ್ಟನ್ ಮ್ಯಾರಥಾನ್‌ನ ‘ಹಾರ್ಟ್‌ಬ್ರೇಕ್ ಹಿಲ್’. ಅದರ ಏರು ಎಷ್ಟು ಗೊತ್ತೇ? ಸುಮಾರು 27 ಮೀಟರ್! ನಮ್ಮ ಚಾಮುಂಡಿ ಬೆಟ್ಟ ಊರಿಗಿಂತ ಸುಮಾರು 300 ಮೀಟರ್ ಎತ್ತರದಲ್ಲಿದೆ. ಹಾಗಾದರೆ ಆ ಚಿಕ್ಕ ದಿಬ್ಬಕ್ಕೆ ಎದೆ ಒಡೆಯುವ ಹೆಸರು ಯಾಕೆ? ಅದು ಬರುವುದು 33ನೇ ಕಿ.ಮೀ. ಸುಮಾರಿಗೆ, ದೇಹದಲ್ಲಿ ಕೂಡಿಟ್ಟ ಶಕ್ತಿ ಬರಿದಾಗುವ ಹೊತ್ತಿಗೆ ಸರಿಯಾಗಿ. ಅದಕ್ಕೂ ಮುಂಚೆ ಓಟದ ಮೊದಲರ್ಧ ಬಹುಪಾಲು ಇಳಿಜಾರು. ಇಳಿಜಾರಿನಲ್ಲಿ ಖುಷಿಯಿಂದ ಓಡಿದವರ ತೊಡೆಗಳು ಅಷ್ಟರಲ್ಲಿ ಜಜ್ಜಿಹೋಗಿರುತ್ತವೆ.

2023ರಲ್ಲಿ ಎಲಿಯುಡ್ ಕಿಪ್ಚೊಗೆ ಅಲ್ಲಿ ಓಡಿದರು. ಅದಕ್ಕೂ ಏಳು ತಿಂಗಳ ಹಿಂದೆ ಬರ್ಲಿನ್‌ನ ಸಮತಟ್ಟು ಹಾದಿಯಲ್ಲಿ 2 ಗಂಟೆ 1 ನಿಮಿಷ 9 ಸೆಕೆಂಡುಗಳ ವಿಶ್ವದಾಖಲೆ ಮಾಡಿದ್ದವರು. ಬಾಸ್ಟನ್‌ನಲ್ಲಿ 30 ಕಿ.ಮೀ. ದಾಟಿದ ಮೇಲೆ ಏರುಗಳ ಸಾಲಿನಲ್ಲಿ ಹಿಂದೆ ಬಿದ್ದು ಆರನೆಯವರಾಗಿ ಮುಗಿಸಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಚೆನ್ನಾಗಿ ಬಂತು. ಏರುದಾರಿ ಅಂಥವರನ್ನೇ ಬಿಟ್ಟಿಲ್ಲ ಎಂದ ಮೇಲೆ ನಾನು ಯಾವ ಲೆಕ್ಕ!

ಮೊದಲ ವಾರದ ಮೂರ್ಖತನ

ಸರ್ ಹೇಳಿದ್ದರಲ್ಲಿ ಅರ್ಧ ಕೇಳಿ, ಅರ್ಧ ಬಿಟ್ಟೆ. ‘ನಿಧಾನವಾಗಿ ಶುರು ಮಾಡು’ ಎಂಬ ಅರ್ಧವೇ ಬಿಟ್ಟುಹೋಗಿದ್ದು. ಸೋಮವಾರ ಬೆಳಕು ಹರಿಯುತ್ತಿದ್ದಂತೆ ಬೆಟ್ಟದ ಪಾದಕ್ಕೆ ಹೋದೆ. ಸಾವಿರಕ್ಕೂ ಹೆಚ್ಚು ಮೆಟ್ಟಿಲುಗಳನ್ನು ಎಷ್ಟು ಬೇಗ ಹತ್ತಬಹುದೋ ಅಷ್ಟು ಬೇಗ ಹತ್ತಿದೆ. ನಂದಿಯ ಹತ್ತಿರ ಬರುವಷ್ಟರಲ್ಲಿ ಕಣ್ಣು ಮಂಜಾಗಿತ್ತು. ಆದರೂ ನಿಲ್ಲಲಿಲ್ಲ. ಮೇಲೆ ಮುಟ್ಟಿ, ಒಂದು ಲೋಟ ಟೀ ಕುಡಿದು, ಎರಡೆರಡು ಮೆಟ್ಟಿಲು ಹಾರುತ್ತಾ ಕೆಳಗೆ ಇಳಿದೆ. ಸಾಹಸ ಮಾಡಿದ ಹೆಮ್ಮೆ.

ಮಂಗಳವಾರ ಮಂಚದಿಂದ ಇಳಿಯಲು ಗೋಡೆ ಹಿಡಿಯಬೇಕಾಯಿತು. ಬುಧವಾರ ಇನ್ನೂ ಜೋರು. ಶೌಚಾಲಯದಲ್ಲಿ ಕುಕ್ಕರಗಾಲಲ್ಲಿ ಕೂರಲು ಹೋಗಿ ಬಾಗಿಲ ಚಿಲಕ ಹಿಡಿದುಕೊಂಡು ನೇತಾಡಿದ್ದನ್ನು ಇಲ್ಲಿ ವಿವರಿಸುವುದು ಬೇಡ. ರೂಮ್‌ಮೇಟ್ ಈಗಲೂ ಅದನ್ನು ನೆನಪಿಸಿ ನಗುತ್ತಾನೆ.

ಅಷ್ಟಾದರೂ ಬುದ್ಧಿ ಬರಲಿಲ್ಲ. ಶುಕ್ರವಾರ ಮತ್ತೆ ಹೋದೆ. ಆ ದಿನ ಹಿಮ್ಮಡಿಯ ಮೇಲಿನ ದಪ್ಪ ಸ್ನಾಯುರಜ್ಜು, ಅಂದರೆ ಅಕಿಲಿಸ್, ಚುಳುಕ್ ಎಂದಿತು. ನಡೆದರೂ ನೋವು. ಫಿಸಿಯೋಥೆರಪಿಸ್ಟ್ ಒಬ್ಬರ ಹತ್ತಿರ ಹೋದಾಗ ಅವರು ಕಾಲನ್ನು ಮುಟ್ಟುವ ಮುಂಚೆಯೇ ‘ಏನು, ಒಂದೇ ಸಲ ಬೆಟ್ಟ ಹತ್ತಿದ್ರಾ?’ ಎಂದು ಕೇಳಿದರು. ಏರು ಹತ್ತುವಾಗ ಹಿಮ್ಮಡಿ ಕೆಳಗೆ ಉಳಿದು ಮುಂಗಾಲು ಮೇಲಿರುತ್ತದೆ; ಆ ಸ್ನಾಯುರಜ್ಜು ಎಳೆದು ಹಿಡಿದ ಹಗ್ಗದಂತಾಗುತ್ತದೆ. ಸ್ನಾಯು ವಾರಗಳಲ್ಲಿ ಬಲವಾಗುತ್ತದೆ, ಸ್ನಾಯುರಜ್ಜುವಿಗೆ ತಿಂಗಳುಗಳು ಬೇಕು. ಮೂರು ವಾರ ಓಟ ಬಂದ್. ಹಿಮ್ಮಡಿಯನ್ನು ನಿಧಾನವಾಗಿ ಎತ್ತಿ ಇಳಿಸುವ ವ್ಯಾಯಾಮ ಕೊಟ್ಟರು. ಎರಡನೇ ವಾರದಿಂದ, ನೋವಿಲ್ಲದಿದ್ದರೆ ಮಾತ್ರ, ನಿಧಾನವಾಗಿ ನಡೆಯಬಹುದು ಎಂದರು.

ಆ ಮೂರು ವಾರ ನಿಜಕ್ಕೂ ಕಷ್ಟವಾಗಿತ್ತು. ಬರೆದಿದ್ದ ಒಂದು ಪರೀಕ್ಷೆಯ ಆಯ್ಕೆಪಟ್ಟಿಯೂ ಅದೇ ದಿನಗಳಲ್ಲಿ ಬಂತು. ನನ್ನ ಹೆಸರಿರಲಿಲ್ಲ. ಓದಿನಲ್ಲೂ ಹಿಂಗೆ, ಓಟದಲ್ಲೂ ಹಿಂಗೆ ಎಂದುಕೊಂಡು ಶೂಗಳನ್ನು ಮಂಚದ ಕೆಳಗೆ ತಳ್ಳಿದ್ದೆ.

ಅರಿಶಿನ ಹಚ್ಚುತ್ತಿದ್ದ ಅಜ್ಜಿ

ನಡೆಯಲು ಅನುಮತಿ ಸಿಕ್ಕ ಮೇಲೆ ಒಂದು ಬೆಳಿಗ್ಗೆ ಮೆಟ್ಟಿಲ ಹತ್ತಿರ ಹೋದೆ. ಓಡುವಂತಿಲ್ಲವಲ್ಲ, ಮೊದಲ ಸಲ ಸುತ್ತ ನೋಡುತ್ತಾ ಹತ್ತಿದೆ. ಚಾಮುಂಡಿಗೆ ಹರಕೆ ಹೊತ್ತ ಹೆಂಗಸರು ಪ್ರತಿ ಮೆಟ್ಟಿಲಿಗೂ ಅರಿಶಿನ ಕುಂಕುಮ ಹಚ್ಚುತ್ತಾ ಹತ್ತುವುದನ್ನು ಮೈಸೂರಿನವರೆಲ್ಲ ನೋಡಿರುತ್ತೀರಿ. ನನ್ನ ಮುಂದೆ ಒಬ್ಬ ಅಜ್ಜಿ, ಅವರ ಸೊಸೆ ಹಾಗೇ ಹತ್ತುತ್ತಿದ್ದರು. ಬಗ್ಗುವುದು, ಹಚ್ಚುವುದು, ಏಳುವುದು, ಒಂದು ಮೆಟ್ಟಿಲು ಹತ್ತುವುದು. ನಾನು ಅವರನ್ನು ದಾಟಿ ಮೇಲೆ ಹೋಗಿ ಏದುಸಿರು ಬಿಡುತ್ತಾ ಕೂತೆ. ಸ್ವಲ್ಪ ಹೊತ್ತಿನಲ್ಲಿ ಅವರು ಬಂದರು. ಮತ್ತೆ ದಾಟಿದೆ, ಮತ್ತೆ ಕೂತೆ. ಮತ್ತೆ ಬಂದರು. ಇಬ್ಬರೂ ಯಾರದೋ ಮದುವೆಯ ಊಟದ ಬಗ್ಗೆ ಮಾತಾಡಿಕೊಳ್ಳುತ್ತಲೇ ಇದ್ದರು.

ಮೂರನೇ ಸಲ ಅಜ್ಜಿ ನಿಂತು ಕೇಳಿದರು: ‘ಯಾಕಪ್ಪ, ಹಿಂಗ್ ಕೂತ್ ಕೂತ್ ಎದ್ದೇಳ್ತೀಯ?’

‘ಸುಸ್ತಾಗುತ್ತೆ ಅಜ್ಜಿ. ನಿಮಗೆ ಆಗಲ್ವಾ?’

‘ಮಾತಾಡ್ಕಂಡ್ ಹತ್ತಕ್ಕಾಗ್ತಿಲ್ಲ ಅಂದ್ರೆ ಜೋರಾಗ್ ಹತ್ತಾ ಇದೀಯ ಅಂತ. ಬೆಟ್ಟ ಎಲ್ಲೂ ಓಡೋಗಲ್ಲ ಕಣಪ್ಪ, ನಿಧಾನಕ್ಕೆ ಬಾ.’

ಆಮೇಲೆ ಸರ್ ಹತ್ತಿರ ಇದನ್ನು ಹೇಳಿದಾಗ ಅವರು ಜೋರಾಗಿ ನಕ್ಕರು. ‘ಅಜ್ಜಿ ಹೇಳಿದ್ದನ್ನೇ ಕೋಚ್‌ಗಳು ಟಾಕ್ ಟೆಸ್ಟ್ ಅಂತಾರೆ’ ಎಂದರು. ಪೂರ್ತಿ ವಾಕ್ಯ ಆಡಲು ಸಾಧ್ಯವಾದರೆ ಅದು ಹಗುರ ಓಟ. ಮೂರ‍್ನಾಲ್ಕು ಪದ ಮಾತ್ರ ಸಾಧ್ಯವಾದರೆ ಕಷ್ಟದ ಓಟ. ಒಂದು ಪದವೂ ಹೊರಡದಿದ್ದರೆ ಅದು ಕೆಲವೇ ಸೆಕೆಂಡುಗಳ ಓಟ.

ನನ್ನ ತಪ್ಪು ಅಲ್ಲಿ ತಿಳಿಯಿತು. ಸಮತಟ್ಟಿನಲ್ಲಿ ಒಂದು ಕಿ.ಮೀ.ಗೆ ಆರೂವರೆ ನಿಮಿಷ ಎಂದು ಗಡಿಯಾರ ನೋಡಿ ಓಡುವ ಅಭ್ಯಾಸ ನನ್ನದು. ಏರಿನಲ್ಲೂ ಅದೇ ವೇಗ ಇರಬೇಕು ಎಂದು ಹಟ ಹಿಡಿದಿದ್ದೆ. ಏರಿನಲ್ಲಿ ವೇಗ ಕಡಿಮೆಯಾಗಲೇಬೇಕು. ಒಂದೇ ಸಮನಾಗಿ ಇರಬೇಕಾದ್ದು ಶ್ರಮ, ವೇಗವಲ್ಲ. ಆ ಫ್ಲೈಓವರ್‌ಗೂ ಮುಂಚೆ ಸಿಕ್ಕ ಪ್ರತಿ ಚಿಕ್ಕ ಏರಿನಲ್ಲೂ ನಾನು ವೇಗ ಉಳಿಸಿಕೊಳ್ಳಲು ಹೋಗಿ ಕಾಲನ್ನು ಖರ್ಚು ಮಾಡಿಬಿಟ್ಟಿದ್ದೆ.

ನಾಲ್ಕು ಬಗೆಯ ಅಭ್ಯಾಸ

ಮುಂದಿನ ಓಟಕ್ಕೆ ಐದು ತಿಂಗಳಿತ್ತು. ಸರ್ ಒಂದು ನೋಟ್‌ಬುಕ್ಕಿನ ಹಾಳೆಯಲ್ಲಿ ಬರೆದುಕೊಟ್ಟರು. ಮೊದಲ ಷರತ್ತು: ಮೆಟ್ಟಿಲು ಹರಕೆಯವರಿಗೆ, ಓಟಕ್ಕೆ ರಸ್ತೆ. ಎರಡನೆಯದು: ವಾರಕ್ಕೆ ಒಂದೇ ದಿನ ಏರು. ಉಳಿದ ದಿನ ಕೆರೆ ಸುತ್ತ ಹಗುರ ಓಟ, ಭಾನುವಾರ ದೂರದ ಓಟ, ಎರಡು ದಿನ ವಿಶ್ರಾಂತಿ. ಏರು ಓಟದ ಹಿಂದಿನ ದಿನವೂ ಮರುದಿನವೂ ಕಷ್ಟದ ಓಟ ಇರಕೂಡದು. ಅಭ್ಯಾಸ ನಾಲ್ಕು ಬಗೆಯದು.

ಒಂದು, ದೀರ್ಘ ಏರು. ಮೊದಲ ನಾಲ್ಕು ವಾರ ಇದೊಂದೇ. ರಸ್ತೆಯಲ್ಲಿ ಚಿಕ್ಕ ಹೆಜ್ಜೆ ಇಟ್ಟು 10 ನಿಮಿಷ ಸತತ ಹತ್ತುವುದು. ವಾರ ಕಳೆದಂತೆ 25-30 ನಿಮಿಷಕ್ಕೆ ಒಯ್ಯುವುದು. ಮಾತಾಡಲು ಆಗುವಷ್ಟೇ ವೇಗ. ಇದು ಸಹನೆಯ ಪಾಠ.

ಎರಡು, ರಿಪೀಟ್ಸ್. ಅಂದರೆ ಒಂದೇ ಏರನ್ನು ಮತ್ತೆ ಮತ್ತೆ ಹತ್ತುವುದು. ನೂರು ಮೀಟರ್ ನಡೆದರೆ ಸುಮಾರು ಐದು ಮೀಟರ್ ಏರುವಂಥ ರಸ್ತೆ ಸಾಕು, ಕಡಿದಾದ್ದು ಬೇಡ. 60ರಿಂದ 90 ಸೆಕೆಂಡು ಕಷ್ಟಪಟ್ಟು ಹತ್ತಬೇಕು. ನಿಧಾನವಾಗಿ ನಡೆದು ಇಳಿಯಬೇಕು. ಮೊದಲ ದಿನ ಐದು ಸಲ. ವಾರಕ್ಕೊಂದು ಸೇರಿಸುತ್ತಾ ಎಂಟು-ಹತ್ತಕ್ಕೆ ನಿಲ್ಲಿಸಬೇಕು. ನಾನು ಒಂದು ಕರೆಂಟ್ ಕಂಬದಿಂದ ಐದನೇ ಕಂಬದವರೆಗೆ ಎಂದು ಗುರುತು ಮಾಡಿಕೊಂಡಿದ್ದೆ. ಕೊನೆಯ ಸಲವೂ ಮೊದಲ ಸಲದಷ್ಟೇ ಸಮಯದಲ್ಲಿ ಐದನೇ ಕಂಬ ಮುಟ್ಟಿದರೆ ಸರಿಯಾಗಿ ಓಡಿದ್ದೇವೆ ಎಂದರ್ಥ. ಕೊನೆಯದಕ್ಕೆ ಬಹಳ ಹೆಚ್ಚು ಹೊತ್ತು ಬೇಕಾದರೆ ಮೊದಲನೆಯದನ್ನು ಜೋರಾಗಿ ಓಡಿದ್ದೇವೆ ಎಂದರ್ಥ.

ಮೂರು, ಚಿಕ್ಕ ಸ್ಪ್ರಿಂಟ್. ಸ್ವಲ್ಪ ಕಡಿದಾದ ಜಾಗದಲ್ಲಿ ಬರೀ 8-10 ಸೆಕೆಂಡು ಪೂರ್ತಿ ಬಲ ಹಾಕಿ ಹತ್ತುವುದು. ಆಮೇಲೆ ಎರಡು ನಿಮಿಷ ಅಡ್ಡಾಡಿ ಉಸಿರು ಪೂರ್ತಿ ಹಿಂದಕ್ಕೆ ಬರುವವರೆಗೆ ಕಾಯುವುದು. ನಾಲ್ಕರಿಂದ ಶುರು ಮಾಡಿ ಎಂಟರವರೆಗೆ. ಇದು ಸುಸ್ತು ಮಾಡಿಕೊಳ್ಳಲು ಅಲ್ಲ, ಸ್ನಾಯುವಿನ ಎಲ್ಲ ಎಳೆಗಳನ್ನೂ ಕೆಲಸಕ್ಕೆ ಎಬ್ಬಿಸಲು. ಮೈ ಬಿಸಿಯಾಗದೆ ಇದನ್ನು ಮಾಡಲೇಬಾರದು. ನನ್ನ ಹಿಮ್ಮಡಿಯ ಕಾರಣಕ್ಕೆ ಇದನ್ನು ಕೊನೆಗೆ, ಎರಡು ತಿಂಗಳಾದ ಮೇಲೆ ಸೇರಿಸಿದರು.

ನಾಲ್ಕು, ಇಳಿಜಾರು. ಇದರ ಬಗ್ಗೆ ಬೇರೆಯಾಗಿಯೇ ಹೇಳಬೇಕು.

ಹತ್ತುವ ಭಂಗಿಯೂ ಮುಖ್ಯ. ನಾನು ಸೊಂಟದಲ್ಲಿ ಬಗ್ಗಿ, ನೆಲ ನೋಡುತ್ತಾ ಹತ್ತುತ್ತಿದ್ದೆ. ಹಾಗೆ ಬಗ್ಗಿದರೆ ಎದೆ ಮಡಚಿಕೊಂಡು ಉಸಿರಿಗೆ ಜಾಗವಿರುವುದಿಲ್ಲ. ಬೆನ್ನು ನೆಟ್ಟಗಿಟ್ಟು, ಪಾದದ ಗಂಟಿನಿಂದಲೇ ಇಡೀ ಮೈ ಸ್ವಲ್ಪ ಮುಂದಕ್ಕೆ ವಾಲಬೇಕು. ಕಣ್ಣು ಹತ್ತು ಮೀಟರ್ ಮುಂದೆ. ಕಾಲು ಸುಸ್ತಾದರೆ ಕೈ ಬೀಸಬೇಕು. ಕಾಲು ಕೈಯನ್ನು ಹಿಂಬಾಲಿಸುತ್ತದೆ.

ಇಳಿಯುವುದೂ ಓಟವೇ

ಮೊದಲ ವಾರ ನನ್ನ ತೊಡೆ ಜಜ್ಜಿಹೋಗಿದ್ದು ಹತ್ತಿದ್ದರಿಂದ ಅಲ್ಲ, ಇಳಿದದ್ದರಿಂದ. ಇಳಿಯುವಾಗ ತೊಡೆಯ ಮುಂಭಾಗದ ಸ್ನಾಯು ಬ್ರೇಕಿನ ಕೆಲಸ ಮಾಡುತ್ತದೆ. ಅದು ಉದ್ದವಾಗುತ್ತಲೇ ಭಾರ ಹಿಡಿಯಬೇಕು. ಆಗ ಅದರಲ್ಲಿ ಸೂಕ್ಷ್ಮ ಹರಿತಗಳಾಗುತ್ತವೆ. ನೋವು ತಕ್ಷಣ ಬರುವುದಿಲ್ಲ. ಒಂದೆರಡು ದಿನ ಬಿಟ್ಟು ಬರುತ್ತದೆ. ಅದಕ್ಕೇ ಸೋಮವಾರದ ಹೆಮ್ಮೆಗೆ ಬುಧವಾರ ಬಿಲ್ ಬಂದಿದ್ದು.

ಒಳ್ಳೆಯ ಸಂಗತಿ ಏನೆಂದರೆ, ದೇಹ ಇದನ್ನು ಬೇಗ ಕಲಿಯುತ್ತದೆ. ಸ್ವಲ್ಪವೇ ಇಳಿಜಾರು ಓಡಿ ಸ್ವಲ್ಪವೇ ನೋವು ತಿಂದರೆ, ಮುಂದಿನ ಸಲ ಅಷ್ಟೇ ಇಳಿಜಾರಿಗೆ ನೋವು ಬಹಳ ಕಡಿಮೆ. ಹಾಗಾಗಿ ಮೂರನೇ ತಿಂಗಳಿಂದ ಎರಡು ವಾರಕ್ಕೊಮ್ಮೆ, ಹೆಚ್ಚು ಕಡಿದಲ್ಲದ ಇಳಿಜಾರಿನಲ್ಲಿ 100-150 ಮೀಟರಿನಂತೆ ನಾಲ್ಕು ಸಲ ಇಳಿದು ಓಡಿದೆ. ಹೆಜ್ಜೆ ಚಿಕ್ಕದಿರಬೇಕು, ಪಾದ ಮೈಯ ಕೆಳಗೇ ಬೀಳಬೇಕು, ಹಿಂದಕ್ಕೆ ವಾಲಿ ಹಿಮ್ಮಡಿ ಕುಟ್ಟಬಾರದು. ಬೆಂಗಳೂರಿನಲ್ಲಿ ಫ್ಲೈಓವರ್ ಹತ್ತಿದವರು ಇಳಿಯಲೇಬೇಕಲ್ಲ!

ಇದೆಲ್ಲದರ ಫಲ ಯಾವಾಗ ಕಾಣುತ್ತದೆ ಎಂದು ಎರಡನೇ ವಾರಕ್ಕೇ ಕೇಳಿದ್ದೆ. ‘ಆರು ವಾರ ಕೇಳ್ಬೇಡ’ ಎಂದಿದ್ದರು ಸರ್. ಏಳನೇ ವಾರ ಒಂದು ದಿನ ಕೆರೆಯ ಹಾದಿಯಲ್ಲಿ ಓಡುವಾಗ ನೆಲ ನನ್ನನ್ನು ಮೇಲಕ್ಕೆ ತಳ್ಳುತ್ತಿದೆ ಅನ್ನಿಸಿತು. ವೇಗ ಹೆಚ್ಚಿಸಲು ಹೋಗಿರಲಿಲ್ಲ, ಅದೇ ಉಸಿರಿನಲ್ಲಿ ಕಿ.ಮೀ.ಗೆ ಹದಿನೈದು ಸೆಕೆಂಡು ಬೇಗ ಹೋಗುತ್ತಿದ್ದೆ. ಬೆಟ್ಟದಲ್ಲಿ ಮಾಡಿದ್ದು ಬಯಲಿನಲ್ಲಿ ಕಂಡಿತು.

ರೂಮ್‌ಮೇಟ್‌ನ 1,600 ಮೀಟರ್

ನನ್ನ ಶೌಚಾಲಯದ ಪ್ರಸಂಗಕ್ಕೆ ನಕ್ಕ ರೂಮ್‌ಮೇಟ್ ಪೊಲೀಸ್ ಕಾನ್‌ಸ್ಟೆಬಲ್ ಹುದ್ದೆಗೆ ತಯಾರಾಗುತ್ತಿದ್ದ. ಅಲ್ಲಿ ಪುರುಷ ಅಭ್ಯರ್ಥಿಗಳು 1,600 ಮೀಟರನ್ನು ಆರೂವರೆ ನಿಮಿಷದೊಳಗೆ ಓಡಬೇಕು. ಅವನದು ಏಳು ನಿಮಿಷಕ್ಕೆ ಬಂದು ನಿಂತುಬಿಟ್ಟಿತ್ತು. ದಿನಾ ಮೈದಾನದಲ್ಲಿ ಪೂರ್ತಿ 1,600 ಓಡುವುದು, ಗಡಿಯಾರ ನೋಡಿ ಬೇಜಾರಾಗುವುದು, ಇಷ್ಟೇ ಅವನ ಅಭ್ಯಾಸ. ನನ್ನ ಜೊತೆ ಬುಧವಾರಗಳಂದು ಬರತೊಡಗಿದ. ದೀರ್ಘ ಏರು ಅವನಿಗೆ ಅಷ್ಟು ಬೇಕಿರಲಿಲ್ಲ. 45 ಸೆಕೆಂಡಿನ ರಿಪೀಟ್ಸ್ ಮತ್ತು ಚಿಕ್ಕ ಸ್ಪ್ರಿಂಟ್ ಮಾಡಿದ. ಉಳಿದ ದಿನ ಹಗುರ ಓಟ. ಎರಡೂವರೆ ತಿಂಗಳಿಗೆ 6 ನಿಮಿಷ 20 ಸೆಕೆಂಡಿಗೆ ಬಂದ. ದೈಹಿಕ ಪರೀಕ್ಷೆಗೆ ತಯಾರಾಗುತ್ತಿರುವವರು ಇದನ್ನು ಗಮನಿಸಬಹುದು. ದಿನಾ ಪರೀಕ್ಷೆಯನ್ನೇ ಬರೆದರೆ ಓದಿದಂತಾಗುವುದಿಲ್ಲ. ದಿನಾ 1,600 ಮೀಟರನ್ನೇ ಓಡಿದರೆ ಅಭ್ಯಾಸ ಮಾಡಿದಂತೆಯೂ ಆಗುವುದಿಲ್ಲ.

ಬೆಟ್ಟ ಇಲ್ಲದ ಊರಿನವರು ಏನು ಮಾಡಬೇಕು? ಹುಬ್ಬಳ್ಳಿಯವರಿಗೆ ನೃಪತುಂಗ ಬೆಟ್ಟವಿದೆ, ತುಮಕೂರಿನವರಿಗೆ ದೇವರಾಯನದುರ್ಗವಿದೆ, ಚಿಕ್ಕಬಳ್ಳಾಪುರದವರಿಗೆ ನಂದಿ ಬೆಟ್ಟವಿದೆ. ರಾಯಚೂರು, ಕಲಬುರಗಿ ಕಡೆಯ ಗೆಳೆಯರು ಬೇಜಾರಾಗಬೇಕಿಲ್ಲ. 60 ಸೆಕೆಂಡಿನ ಏರು ಸಾಕು. ಕೆರೆ ಏರಿಗೆ ಹತ್ತುವ ದಾರಿ, ರೈಲ್ವೆ ಮೇಲ್ಸೇತುವೆಯ ಪಕ್ಕದ ಕಾಲುದಾರಿ, ಜಿಲ್ಲಾ ಕ್ರೀಡಾಂಗಣದ ಗ್ಯಾಲರಿ ಮೆಟ್ಟಿಲು, ಇವೆಲ್ಲ ಆಗುತ್ತವೆ. ಬಾಸ್ಟನ್‌ನ ಆ ದಿಬ್ಬವೂ 27 ಮೀಟರ್ ಅಷ್ಟೇ ಎಂಬುದು ನೆನಪಿರಲಿ.

ಎಚ್ಚರಿಕೆಯ ಮಾತುಗಳೂ ಇವೆ. ಬೆಟ್ಟದ ರಸ್ತೆಯಲ್ಲಿ ತಿರುವುಗಳು ಹೆಚ್ಚು, ಹಾಗಾಗಿ ವಾಹನ ಎದುರಿಗೆ ಕಾಣುವಂತೆ ಬಲಬದಿಯಲ್ಲಿ ಓಡಿ, ಕಿವಿಗೆ ಇಯರ್‌ಫೋನ್ ಬೇಡ. ಚಾಮುಂಡಿ ಬೆಟ್ಟದ ಸುತ್ತ ಚಿರತೆ ಕಂಡ ಸುದ್ದಿ ಆಗಾಗ ಬರುತ್ತದೆ. ಬೆಳಕಾಗುವ ಮುಂಚೆ, ಒಬ್ಬರೇ ಹೋಗಬೇಡಿ. ಆಷಾಢದ ಶುಕ್ರವಾರಗಳಂದು ಬೆಟ್ಟ ಭಕ್ತರದ್ದು. ಆ ದಿನ ಕೆರೆಯೇ ಸರಿ. ಹಿಮ್ಮಡಿ, ಮಂಡಿ ಚುಳುಕ್ ಎಂದರೆ ಅವತ್ತಿಗೆ ನಿಲ್ಲಿಸಿ. ಒಂದು ದಿನ ನಿಲ್ಲಿಸದೆ ಮೂರು ವಾರ ಕಳೆದುಕೊಂಡವನ ಮಾತಿದು.

ಮತ್ತೆ ಅದೇ ಫ್ಲೈಓವರ್

ಓಟಕ್ಕೆ ಮೂರು ವಾರ ಇರುವಾಗ ಏರು ಅಭ್ಯಾಸ ನಿಲ್ಲಿಸಿದೆ. ಕಟ್ಟಿಕೊಂಡ ಬಲ ಅಷ್ಟರಲ್ಲಿ ಕರಗುವುದಿಲ್ಲ, ಸುಸ್ತು ಮಾತ್ರ ಕರಗುತ್ತದೆ ಎಂದಿದ್ದರು ಸರ್.

ಅದೇ ನಗರ, ಅದೇ ಓಟ. ಈ ಸಲ ಮೊದಲ ಏರಿನಲ್ಲೇ ಬೇಕೆಂದು ನಿಧಾನಿಸಿದೆ. ಹತ್ತಾರು ಜನ ನನ್ನನ್ನು ದಾಟಿ ಹೋದರು. ಹೋಗಲಿ ಎಂದುಕೊಂಡೆ. ಇಳಿಜಾರಿನಲ್ಲಿ ಹೆಜ್ಜೆ ಚಿಕ್ಕದು ಮಾಡಿದೆ. ಪ್ರತಿ ಏರಿನಲ್ಲೂ ಬಾಯಲ್ಲಿ ಒಂದು ವಾಕ್ಯ ಹೇಳಿಕೊಂಡು ನೋಡುತ್ತಿದ್ದೆ. ಪಕ್ಕದಲ್ಲಿದ್ದವರೊಬ್ಬರು ನನ್ನನ್ನು ವಿಚಿತ್ರವಾಗಿ ನೋಡಿದರು.

31ನೇ ಕಿ.ಮೀ. ಬಂತು. ಫ್ಲೈಓವರ್ ಅಷ್ಟೇ ಎತ್ತರವಿತ್ತು. ಕಾಲುಗಳು ನೋಯುತ್ತಿದ್ದವು, ನೋಯಲಿಲ್ಲ ಎಂದರೆ ಅದೂ ಸುಳ್ಳಾದೀತು. ಆದರೆ ಏಳುತ್ತಿದ್ದವು. ಕರೆಂಟ್ ಕಂಬ ಎಣಿಸುತ್ತಾ ಹತ್ತಿದೆ. ಐದು ಕಂಬಕ್ಕೆ ಒಂದು ರಿಪೀಟ್. ಇಂಥವನ್ನು ಹತ್ತು ಸಲ ಮಾಡಿದ್ದೇನೆ, ಇದು ಬರೀ ಒಂದೂವರೆ ಎಂದು ಲೆಕ್ಕ ಹಾಕಿದೆ. ತುದಿ ಮುಟ್ಟಿದ್ದು ಗೊತ್ತಾಗಿದ್ದು ರಸ್ತೆ ಇಳಿಯಲು ಶುರುವಾದಾಗ. ಬೆಳಿಗ್ಗೆ ನನ್ನನ್ನು ದಾಟಿ ಹೋಗಿದ್ದವರಲ್ಲಿ ಕೆಲವರು ಅಲ್ಲಿ ನಡೆಯುತ್ತಿದ್ದರು. ಒಬ್ಬ ಹುಡುಗ ತೊಡೆ ಹಿಡಿದುಕೊಂಡು ನಿಂತಿದ್ದ. ಹೋದ ವರ್ಷ ನಾನು ನಿಂತಿದ್ದ ಜಾಗವದು. ‘ಚಿಕ್ಕ ಹೆಜ್ಜೆ ಇಡು ಗುರು, ಮೇಲೆ ಹೋದ್ರೆ ಇಳಿಜಾರು’ ಎಂದಷ್ಟೇ ಹೇಳಿ ಮುಂದೆ ಹೋದೆ.

4 ಗಂಟೆ 38 ನಿಮಿಷ. 46 ನಿಮಿಷ ಕಡಿಮೆ. ಎಲ್ಲವೂ ಬೆಟ್ಟದ ಕೊಡುಗೆ ಎನ್ನಲಾರೆ. ಈ ಸಲ ಭಾನುವಾರದ ಓಟಗಳು ಉದ್ದವಿದ್ದವು, ದಾರಿಯಲ್ಲಿ ಬಾಳೆಹಣ್ಣು, ಗ್ಲೂಕೋಸ್ ಸರಿಯಾಗಿ ತಗೊಂಡೆ, ಹೋದ ವರ್ಷದ ಅನುಭವವೂ ಇತ್ತು. ಆದರೆ 31ರಿಂದ 42ರವರೆಗಿನ ಆ 11 ಕಿ.ಮೀ. ಓಡಿಸಿದ್ದು ಬೆಟ್ಟವೇ.

ಸಂಜೆ ನಾನೇ ಅಪ್ಪನಿಗೆ ಫೋನ್ ಮಾಡಿದೆ.

‘ಪೂರ್ತಿ ಓಡಿದ್ಯಾ ಮಗ?’

‘ನೀರು ಕೊಡೋ ಜಾಗದಲ್ಲಿ ಎರಡು ಸಲ ನಿಂತೆ ಅಪ್ಪ. ಉಳಿದಿದ್ದೆಲ್ಲ ಓಡಿದೆ.’ ಒಂದು ಕ್ಷಣ ಬಿಟ್ಟು ಹೇಳಿದೆ: ‘ಹೋದ ವರ್ಷ ಪೂರ್ತಿ ಓಡಿರ್ಲಿಲ್ಲ. ಕೊನೇ ಹನ್ನೊಂದು ಕಿಲೋಮೀಟರ್ ನಡೆದಿದ್ದೆ.’

ಆ ಕಡೆ ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಅಪ್ಪ ಅಂದರು: ‘ಗೊತ್ತಿತ್ತು ಬಿಡು. ನಿನ್ ದನಿ ಕೇಳಿದ್ರೆ ಗೊತ್ತಾಗಲ್ವಾ? ನಡೆದಾದ್ರೂ ಮುಗಿಸ್ಕೊಂಡು ಬಂದ್ಯಲ್ಲ.’

ರೂಮ್‌ಮೇಟ್ ದೈಹಿಕ ಪರೀಕ್ಷೆಗೆ ಕರೆ ಬರುವುದನ್ನು ಕಾಯುತ್ತಿದ್ದಾನೆ. ನನ್ನದು ಮುಂದಿನ ತಿಂಗಳು ಇನ್ನೊಂದು ಲಿಖಿತ ಪರೀಕ್ಷೆ ಇದೆ. ಸಿಲೆಬಸ್ಸನ್ನು ಈ ಸಲ ಕರೆಂಟ್ ಕಂಬಗಳ ಹಾಗೆ ಐದೈದು ಅಧ್ಯಾಯಕ್ಕೆ ಗುರುತು ಮಾಡಿಕೊಂಡಿದ್ದೇನೆ. ಬುಧವಾರ ಬೆಳಿಗ್ಗೆ ಮಾತ್ರ ಇಬ್ಬರೂ ಬೆಟ್ಟದ ರಸ್ತೆಯಲ್ಲಿರುತ್ತೇವೆ. ಯಾರಾದರೂ ಬರುವುದಾದರೆ ಬನ್ನಿ, ಮಾತಾಡಿಕೊಂಡು ಹತ್ತೋಣ.